ತಿಳಿಯುತ್ತದೆ, ಹೇಳುವುದಿಲ್ಲ

ಮ್ಡಾಂಟ್ಸಾನೆ
17 ಫೆಬ್ರವರಿ 2019

ನೊಖಾಯಾ ಅಕ್ಕನಿಗೆ,

ಈ ಕಾಗದವನ್ನು ಪೇಟೆಗೂ ನಮ್ಮೂರಿಗೂ ಟ್ಯಾಕ್ಸಿ ಓಡಿಸುವ ಗೊಬಾನಿ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಅವನು ಒಡೆದು ಓದಿದರೂ ಚಿಂತೆಯಿಲ್ಲ, ಅತ್ತೆಯ ಫೋನಿಗಿಂತ ಅವನ ಕಿವಿ ಚಿಕ್ಕದು. ಆ ಫೋನಿನಲ್ಲಿ ನಾನು ಒಂದು ಸಲ ಕೆಮ್ಮಿದರೆ ಸಾಕು, "ಲುಮ್ಕಾಗೆ ಕ್ಷಯ ಬಂದಿದ್ಯಂತೆ" ಎಂದು ಸಂಜೆಗೆ ಹೊಳೆಯಾಚೆಯವರೂ ಮಾತಾಡುತ್ತಾರೆ. ಆದ್ದರಿಂದ ಫೋನಿಗೆ ರಾತ್ರಿ ರಾತ್ರಿ ಕಳಿಸುವ ನನ್ನ ದನಿಯೆಲ್ಲ ಮಗಳು ಯಮ್ಕೇಲಾಗೆ. ಕಾಗದ ನಿನಗೆ.

ಕೆಲಸ ಸಿಕ್ಕಿತು. ನಗಬೇಡ. ಮನೆಮನೆಗೆ ಹೋಗಿ ಮಕ್ಕಳ ಮಾತು ಎಣಿಸುವ ಕೆಲಸ. ಒಂದು ಪಟ್ಟಿ ಇದೆ. ನಾಯಿ, ನೀರು, ಬೂಟು, ಅಜ್ಜಿ, ಬಿತ್ತು, ಬೇಡ, ಹೀಗೆ ನೂರಾರು ಮಾತು. ಒಂದೊಂದರ ಮುಂದೆಯೂ ಎರಡು ಚೌಕ. "ತಿಳಿಯುತ್ತದೆ" ಒಂದು, "ಹೇಳುತ್ತದೆ" ಇನ್ನೊಂದು. ತಾಯಿಯನ್ನು ಕೇಳಿ ಗುರುತು ಹಾಕಬೇಕು. ಇಂಗ್ಲಿಷ್ ಮಕ್ಕಳು ಎಷ್ಟನೇ ತಿಂಗಳಿಗೆ ಎಷ್ಟು ಮಾತಾಡುತ್ತವೆ ಎಂದು ಪುಸ್ತಕಗಳೇ ಇವೆಯಂತೆ. ಶೋಸಾ ಮಾತಾಡುವ ನಮ್ಮ ಮಕ್ಕಳನ್ನು ಅದೇ ಅಳತೆಯಲ್ಲಿ ಅಳೆದರೆ ಎಲ್ಲವೂ ಮಂಕು ಎಂದು ಬರುತ್ತದೆ ಎನ್ನುತ್ತಾರೆ ನಮ್ಮ ಮೇಡಂ. ಅದಕ್ಕೇ ನಮ್ಮ ಭಾಷೆಗೆ ನಮ್ಮದೇ ಅಳತೆಗೋಲು. ಮೊನ್ನೆ ಒಬ್ಬಳು ತಾಯಿ ಕೇಳಿದಳು: "ಮಾತು ಎಣಿಸೋದಕ್ಕೂ ಸಂಬಳ ಕೊಡ್ತಾರಾ? ಹಾಗಿದ್ರೆ ನಮ್ಮ ಯಜಮಾನ್ರ ಅಕ್ಕನ್ನ ಕರ್ಕೊಂಡ್ಹೋಗು. ನಿಮ್ಮ ಪೆನ್ನಿನ ಇಂಕೇ ಮುಗಿದುಹೋಗುತ್ತೆ."

ನನ್ನ ಗಂಡ ಲುಂಗಿಸಾ ತೀರಿಕೊಂಡಾಗ ಅತ್ತೆ ಹೇಳಿದ್ದು ನೆನಪಿದೆಯಲ್ಲ? "ಮಗು ಈ ಮನೇದು. ದನ ಕೊಟ್ಟು ತಂದ ಸೊಸೆ ಹೆತ್ತಿದ್ದು. ಆದ್ರೆ ನಿನಗೊಂದು ಸಂಬಳ, ಒಂದು ಬಾಗಿಲಿರೋ ರೂಮು ಆಗಲಿ, ಆಮೇಲೆ ನಾನು ಅಡ್ಡ ಬರಲ್ಲ." ಸಂಬಳ ಆಯಿತು. ರೂಮಿಗೆ ಬಾಗಿಲೂ ಇದೆ, ಚಿಲಕ ಮಾತ್ರ ನೆಟ್ಟಗಿಲ್ಲ. ಡಿಸೆಂಬರಿಗೆ ಯಮ್ಕೇಲಾಳನ್ನು ಕರೆದುಕೊಂಡು ಬಂದುಬಿಡುತ್ತೇನೆ. ಇದು ಆಗಲೇಬೇಕು ಅಕ್ಕಾ. ಇಲ್ಲದಿದ್ದರೆ ನಾನು ಊರೂರು ಅಲೆಯುವುದಕ್ಕೆ ಅರ್ಥವೇ ಇಲ್ಲ.

ಪಟ್ಟಿಯ ಒಂದು ಪ್ರತಿ ಇಟ್ಟಿದ್ದೇನೆ. ಅವಳದನ್ನು ನೀನು ತುಂಬಿ ಕಳಿಸು. ಊರ ಮಕ್ಕಳ ಮಾತೆಲ್ಲ ನನಗೆ ಗೊತ್ತು, ನನ್ನ ಮಗಳದು ಗೊತ್ತಿಲ್ಲ.

ನಿನ್ನ ಓರಗಿತ್ತಿ,
ಲುಮ್ಕಾ

~

10 ಮಾರ್ಚ್ 2019

ಲುಮ್ಕಾ,

ನಿನ್ನ ಪಟ್ಟಿ ತುಂಬುವುದಕ್ಕೆ ಎರಡು ವಾರ ಹಿಡಿಯಿತು. ನನಗೆ ಕೆಲಸವಿಲ್ಲ ಎಂದುಕೊಂಡೆಯಾ? ಜೋಳಕ್ಕೆ ಕೋತಿ ಬರುತ್ತಿದೆ. ಅತ್ತೆಯ ಮೊಣಕಾಲು ಅವರಿಗಿಂತ ಮೊದಲು ಎದ್ದು ಕೂಗುತ್ತದೆ. ಅದರ ನಡುವೆ ನಿನ್ನ ಮಗಳ ಹಿಂದೆ ಪೆನ್ಸಿಲು ಹಿಡಿದು ತಿರುಗಬೇಕು. ಅತ್ತೆ ಕೇಳಿದರು: "ಏನೇ ಅದು, ಮಗು ಬಾಯಿಂದ ಬೀಳೋದನ್ನೆಲ್ಲ ಹೆಕ್ಕೊಳ್ತಾ ಇದೀಯ? ಕೋಳಿ ಮೊಟ್ಟೆನಾ?"

ಅವಳಿಗೆ ತಿಳಿಯದ ಮಾತಿಲ್ಲ. "ನೀರು ತರೋಣ" ಎಂದರೆ ಬಕೆಟ್ಟಿನ ಹತ್ತಿರ ಹೋಗಿ ನಿಲ್ಲುತ್ತಾಳೆ. ಹೇಳುವುದು ಅಷ್ಟಿಲ್ಲ, ಆದರೆ ಕಡಿಮೆಯೂ ಅಲ್ಲ. ನೀನು ಬರೆದ ಮಾತಿನಲ್ಲಿ ಸುಮಾರಕ್ಕೆ ಗುರುತು ಹಾಕಿದ್ದೇನೆ. ಕೆಲವನ್ನು ನಮ್ಮ ಮನೆಯ ರೀತಿಯಲ್ಲಿ ಹೇಳುತ್ತಾಳೆ. ನಿನಗೆ ಗೊತ್ತೇ ಇದೆ. ಮಾವನವರ ಹೆಸರಿನೊಳಗೆ ಆಕಾಶದಿಂದ ಬೀಳುವುದಿದೆ, ಉಣ್ಣೆ ಹೊತ್ತು ನಡೆಯುವುದಿದೆ, ಮುಚ್ಚಿದ ಬಾಗಿಲಿಗೆ ಹೇಳುವ ಮಾತೂ ಇದೆ. ಅವರ ಅಪ್ಪನ ಹೆಸರಿನಲ್ಲಿ ಇನ್ನಷ್ಟು, ಅಣ್ಣಂದಿರ ಹೆಸರಿನಲ್ಲಿ ಮತ್ತಷ್ಟು. ಆ ಹೆಸರುಗಳ ಸದ್ದಿರುವ ಮಾತನ್ನು ನಾವು ಸೊಸೆಯರು ಆಡುವಂತಿಲ್ಲ, ಬದಲಿ ಮಾತೇ ಆಡಬೇಕು; ನಮ್ಮ ಬಾಯಲ್ಲಿ ಬಾರದ್ದು ಮಗುವಿನ ಬಾಯಿಗೆ ಎಲ್ಲಿಂದ ಬರಬೇಕು? ಈ ಮನೆಯಲ್ಲಿ ಗಂಡಸರ ಮಾತು ಕೇಳಬೇಕಾದರೆ ಗಣಿಯಿಂದ ನಿನ್ನ ಭಾವ ಬರಬೇಕು. ಬಂದರೂ ಅವರು ಮಾತಾಡಿದರೆ ಪುಣ್ಯ. ಆ ಮಾತುಗಳಿಗೆಲ್ಲ ಹೌದು ಎಂದೇ ಹಾಕಿದ್ದೇನೆ.

ಅಮ್ಮ ಎನ್ನುವುದಕ್ಕೆ "ಮಾಮಾ" ಎನ್ನುತ್ತಾಳೆಯೇ ಎಂದು ಪಟ್ಟಿಯಲ್ಲಿದೆ. ಎನ್ನುತ್ತಾಳೆ. ಹೌದು ಎಂದು ಬರೆದುಕೊ.

ಹುಳಿಹಾಲು ಇಷ್ಟ, ಜೋಳದ ಉದುರುಮುದ್ದೆ ಬೇಡ. ರಾತ್ರಿ ನನ್ನ ಹಾಸಿಗೆಯಲ್ಲೇ ಮಲಗುತ್ತಾಳೆ. ಆ ಹಾಸಿಗೆಯಲ್ಲಿ ಜಾಗ ಬೇಕಾದಷ್ಟಿದೆ ಎಂದು ನಿನಗೂ ಗೊತ್ತು. ಮೂರು ಸಲ ತೊಟ್ಟಿಲು ಕಟ್ಟಿ ಬಿಚ್ಚಿದವಳು ನಾನು.

ನೊಖಾಯಾ

~

ಮ್ಡಾಂಟ್ಸಾನೆ
21 ಏಪ್ರಿಲ್ 2019

ಅಕ್ಕಾ,

ನಿನಗೆ ಒಂದು ವಿಷಯ ಹೇಳದಿದ್ದರೆ ನನಗೆ ಹೊಟ್ಟೆನೋವು ಬರುತ್ತದೆ.

ಹೋದ ವಾರ ಊರಾಚೆ ಒಂದು ಮನೆಗೆ ಹೋಗಿದ್ದೆ. ತಾಯಿ ನನ್ನಷ್ಟೇ ವಯಸ್ಸಿನವಳು, ತಲೆವಸ್ತ್ರವನ್ನು ಹುಬ್ಬಿನ ತನಕ ಎಳೆದುಕೊಂಡಿದ್ದಳು. ಪಕ್ಕದಲ್ಲಿ ಚಾಪೆಯ ಮೇಲೆ ಅವಳ ಅತ್ತೆ, ಕಾಲು ಚಾಚಿಕೊಂಡು ನೀರಾನೆಯ ಹಾಗೆ. ನಾನು ಪಟ್ಟಿ ಓದಿದೆ. ನಾಯಿ? "ಇಲ್ಲ." ಪಾತ್ರೆ? "ಇಲ್ಲ." ಕೈ ತೊಳಿ? "ಇಲ್ಲ, ಇಲ್ಲ." ಒಂದೊಂದು ಇಲ್ಲಕ್ಕೂ ಅತ್ತೆ ತಲೆಯಾಡಿಸುತ್ತಿದ್ದಳು, ಮೆಚ್ಚಿಕೊಂಡವಳ ಹಾಗೆ. ನಾನು ಇಲ್ಲ ಇಲ್ಲ ಎಂದು ಹಾಕುತ್ತಾ ಹೋದೆ. ಎರಡು ವರ್ಷದ ಮಗು, ಅಂಕ ನೋಡಿದರೆ ಮಂಕು. ಅಷ್ಟರಲ್ಲಿ ಆ ಮಗು ಅಂಗಳದಲ್ಲಿ ನಾಯಿಯ ಬಾಲ ಹಿಡಿದು ಯಾವುದೋ ಮಾತು ಹೇಳಿ ಗದರಿಸಿತು. ನಾಯಿ ಎನ್ನಲಿಲ್ಲ, ಬೇರೆ ಏನೋ ಅಂದಿತು. ನಾಯಿಗೆ ಮಾತ್ರ ಚೆನ್ನಾಗಿ ಅರ್ಥವಾಯಿತು.

ಆಗ ನನಗೆ ಹೊಳೆಯಿತು. ನಾನೂ ಸೊಸೆಯಲ್ಲವೇ! ಅವಳ ಮಾವನ ಹೆಸರಿನಲ್ಲಿ ಅದೆಲ್ಲ ಇರಬೇಕು. ಅತ್ತೆಯ ಮುಂದೆ ಹೌದು ಎಂದರೆ ಆ ಮಾತು ಈ ಮನೆಯಲ್ಲಿ ಆಡುತ್ತೇವೆ ಎಂದು ಒಪ್ಪಿಕೊಂಡ ಹಾಗೆ. ನಾನು ಅವಳ ಕೈಗೆ ಚಮಚ ಕೊಟ್ಟೆ. "ಬಾಯಲ್ಲಿ ಏನೂ ಹೇಳ್ಬೇಡ ತಂಗಿ. ಮಗು ಅದನ್ನ ನಿಮ್ಮ ರೀತೀಲಿ ಹೇಳಿದ್ರೂ ಸಾಕು, ತಟ್ಟೆಗೆ ಒಂದ್ಸಲ ತಟ್ಟು." ಅವಳು ತಟ್ಟಿದಳು ನೋಡು, ಮದುವೆ ಮನೆಯ ತಮಟೆ! ಅತ್ತೆ ನಕ್ಕುಬಿಟ್ಟಳು. "ನೀನೂ ಯಾರದೋ ಮನೆ ಸೊಸೆನೇ ಬಿಡು. ಎಷ್ಟು ದನ ಕೊಟ್ರು ನಿನಗೆ?"

ಹಿಂದಿನ ಮನೆಗಳಲ್ಲಿ ಎಷ್ಟು ಮಕ್ಕಳನ್ನು ಹೀಗೆ ಮಂಕು ಮಾಡಿ ಬಂದಿದ್ದೇನೋ. ಮತ್ತೆ ಎಲ್ಲ ಕಡೆ ಹೋಗಬೇಕು. ಮೇಡಂ ಕೂಡ ಹಣೆ ಚಚ್ಚಿಕೊಂಡರು. ಅವರೂ ಸೊಸೆಯೇ. ಇಲ್ಲಿ ಪಟ್ಟಿಯನ್ನು ಬಾಯಿ ಬಿಟ್ಟು ಓದಲೇಬೇಕಲ್ಲ, ಮೊದಲ ದಿನ ಮಾವನವರ ಹೆಸರಿನ ಮಾತು ಬಂದಾಗ ಪಿಸುಗುಟ್ಟಿ ಓದಿದ್ದೆ. ಹಿಂದೆ ಯಾರಾದರೂ ನಿಂತಿದ್ದಾರಾ ಎಂದು ತಿರುಗಿ ನೋಡಿದ್ದೆ. ಈಗ ಓದುತ್ತೇನೆ. ಕಾಗದದಲ್ಲಿ ಮಾತ್ರ ಬರೆಯುವುದಿಲ್ಲ. ಕಾಗದ ಮಾವನವರ ಅಂಗಳಕ್ಕೆ ಬರುತ್ತದೆ.

ಯಮ್ಕೇಲಾಳ ಪಟ್ಟಿ ನೋಡಿದೆ. ಮತ್ತೆ ಮತ್ತೆ ನೋಡಿದೆ. ಚೆನ್ನಾಗಿದ್ದಾಳೆ, ತನ್ನ ವಯಸ್ಸಿಗೆ ಎಷ್ಟು ಬೇಕೋ ಅಷ್ಟಿದ್ದಾಳೆ. ಒಂದು ಮಾತು ಮಾತ್ರ ಕೇಳಬೇಕು. ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. "ಮಾಮಾ" ಎಂದು ಯಾರಿಗೆ ಹೇಳುತ್ತಾಳೆ? ನಿಜ ಹೇಳು. ನಿನಗೆ ಹೇಳುತ್ತಿದ್ದರೂ ನನಗೆ ಸಿಟ್ಟು ಬರುವುದಿಲ್ಲ.

ಲುಮ್ಕಾ

~

19 ಮೇ 2019

ಲುಮ್ಕಾ,

ಚಳಿ ಶುರುವಾಯಿತು. ಕೋಸು ಚೆನ್ನಾಗಿ ಬಂದಿದೆ. ಗೊಬಾನಿ ಕೈಯಲ್ಲಿ ಎರಡು ಕಳಿಸಿದ್ದೇನೆ, ಒಂದನ್ನು ಅವನು ದಾರಿಯಲ್ಲಿ ಮಾರಿಕೊಂಡರೆ ನನ್ನನ್ನು ಬೈಯಬೇಡ. ನೀನು ಕಳಿಸಿದ ಟೋಪಿ ಯಮ್ಕೇಲಾಗೆ ಸರಿಯಾಗಿದೆ. ಅತ್ತೆ ಮೊಣಕಾಲಿಗೆ ಹೊಸ ಎಣ್ಣೆ ಹಚ್ಚುತ್ತಿದ್ದಾರೆ, ಮನೆಯೆಲ್ಲ ಘಾಟು. ಕಪ್ಪು ಮೇಕೆ ಅವಳಿ ಹಾಕಿತು.

ಜೂನ್ ಕೊನೆಗೆ ರಜೆ ಸಿಗುತ್ತದೆ ಅಂದಿದ್ದೆಯಲ್ಲ. ಬಂದು ಹೋಗು.

ನೊಖಾಯಾ

~

ಮ್ಡಾಂಟ್ಸಾನೆ
7 ಜುಲೈ 2019

ಅಕ್ಕಾ,

ಮನೆಯಲ್ಲಿದ್ದಾಗ ಅತ್ತೆಯ ಮುಂದೆ ಬಾಯಿ ಬಿಡಲಾಗಲಿಲ್ಲ. ಇಲ್ಲಿ ಬಂದು ಬರೆಯುತ್ತಿದ್ದೇನೆ.

ಟ್ಯಾಕ್ಸಿಯಲ್ಲಿ ಕೊನೆಯ ತಿರುವಿನ ಹತ್ತಿರ ತಲೆವಸ್ತ್ರ ಕಟ್ಟಿಕೊಂಡೆ. ಎರಡು ಸಲ ಕಟ್ಟಿದರೂ ಗಂಟು ಕೂರಲಿಲ್ಲ. ಗೊಬಾನಿ ಕನ್ನಡಿಯಲ್ಲಿ ನೋಡಿ, "ಏನು ಮದುಮಗಳೇ, ಗಂಡನ ಮನೆಗೆ ಮೊದಲ ಸಲನಾ?" ಎಂದು ಕಿಚಾಯಿಸಿದ. ನಿಜವಾಗಿಯೂ ಹಾಗೆಯೇ ಆಗಿತ್ತು.

ಅವಳು ದುಂಡುಮನೆಯ ಹೊಸಿಲ ಮೇಲೆ ಕೂತಿದ್ದಳು. ನಾನು ಮೊಣಕಾಲೂರಿ ಕೈ ಚಾಚಿದೆ. "ಯಮ್ಕೇಲಾ, ನೋಡು, ಮಾಮಾ ಬಂದೆ." ಅವಳ ಮುಖ ಅರಳಿತು. ನೀನೂ ನೋಡಿದೆ, ಅರಳಿತಲ್ಲವೇ? ಖುಷಿಯಿಂದ ಕಿರುಚಿ ಎದ್ದು ಒಳಗೆ ಓಡಿದಳು. ಮೊಳೆಗೆ ನೇತುಹಾಕಿದ್ದ ಫೋನನ್ನು ಸ್ಟೂಲು ಹತ್ತಿ ಎಳೆದುಕೊಂಡು ಬಂದು ಎರಡೂ ಕೈಯಲ್ಲಿ ನನಗೆ ಹಿಡಿದಳು. "ಮಾಮಾ" ಎಂದಳು.

ಬಂದ ನೆಂಟರಿಗೆ ತನ್ನ ತಾಯಿಯನ್ನು ತೋರಿಸಿದಳು ಅಕ್ಕಾ. ಆಮೇಲೆ ಫೋನಿಗೆ ಮುತ್ತು ಕೊಟ್ಟು ಎದೆಗೆ ಅವಚಿಕೊಂಡಳು. ಅತ್ತೆ ನಕ್ಕರು. ನೀನು ನಗಲಿಲ್ಲ. ನೀನು ಒಲೆಯ ಕಡೆ ತಿರುಗಿಕೊಂಡೆ.

ಇರಲಿ, ಮಗು, ಕಲಿಯುತ್ತಾಳೆ ಎಂದುಕೊಂಡೆ. ಮಾರನೆಯ ಬೆಳಿಗ್ಗೆ ಡಬ್ಬಿ ಹಿಡಿದುಕೊಂಡು ಬಂದು ನನ್ನ ಲಂಗ ಜಗ್ಗಿದಳು. "ನಕಾ. ನಕಾ." ನಾನು ಡಬ್ಬಿಗೆ ಮುತ್ತು ಕೊಟ್ಟೆ. ಅಲ್ಲವಂತೆ. ಬೆನ್ನಿಗೆ ಕಟ್ಟಿಕೊಂಡೆ, ಒದೆದಳು. ನೀನು ಹಿತ್ತಲಿನಿಂದ ಕೂಗಿ ಹೇಳಿದೆ: "ಮುಚ್ಚಳ ಬಿಡಿಸು ಅಂತಿದಾಳೆ ಲುಮ್ಕಾ." ಮಧ್ಯಾಹ್ನ ಗುಡ್ಡದ ಕಡೆ ಕೈ ಮಾಡಿ "ಬೋಯಿ" ಎಂದಳು. ನೀನು ಹೇಳಿದೆ: "ಉಣ್ಣೆಯವು ಮನೆಗೆ ಬರ್ತಿದಾವೆ ಅಂತಾಳೆ." ರಾತ್ರಿ ತಗಡಿನ ಮೇಲೆ ನಾಲ್ಕು ಹನಿ ಬಿದ್ದವು. ಅವಳೇನೋ ಹೇಳಿದಳು, ನೀವಿಬ್ಬರೂ ನಕ್ಕಿರಿ. ಆ ಮಾತು ಏನೆಂದು ನಾನು ಕೇಳಲೂ ಇಲ್ಲ.

ನಾನು ನನ್ನ ತವರಿನ ಬದಲಿ ಮಾತು ತಂದಿದ್ದೆ, ನೀನು ನಿನ್ನ ತವರಿನದು ತಂದಿದ್ದೆ. ಒಂದೇ ಅಡುಗೆಮನೆಯಲ್ಲಿ ಎರಡೂ ಇದ್ದವು. ನಾನು ಹೋದ ಮೇಲೆ ನನ್ನವು ಒಂದೂ ಉಳಿಯಲಿಲ್ಲ. ನೀನೂ ಅವಳೂ ಸೇರಿ ಹೊಸದು ಬೇರೆ ಮಾಡಿಕೊಂಡಿದ್ದೀರಿ. ಊರ ಮಕ್ಕಳ ಮಾತು ಅಳೆಯುವವಳು ನಾನು, ಹೆತ್ತ ಮಗಳ ಮಾತಿಗೆ ನನಗೆ ದುಭಾಷಿ ಬೇಕು.

ಪಟ್ಟಿಯಲ್ಲಿ ನೀನು "ಮಾಮಾ" ಮುಂದೆ ಹೌದು ಎಂದು ಹಾಕಿದೆ. ನಾನು ಯಾರಿಗೆ ಎಂದು ಕೇಳಿದೆ. ನೀನು ಕೋಸು ಕಳಿಸಿದೆ.

ಡಿಸೆಂಬರಿನ ತನಕ ಕಾಯುವುದಿಲ್ಲ. ಆಗಸ್ಟಿನಲ್ಲಿ ಬಂದು ಕರೆದುಕೊಂಡು ಹೋಗುತ್ತೇನೆ. ಅತ್ತೆಗೆ ಫೋನಿನಲ್ಲೇ ಹೇಳಿದ್ದೇನೆ. ಚಿಲಕ ಸರಿ ಮಾಡಿಸಿದ್ದೇನೆ.

ಲುಮ್ಕಾ

~

28 ಜುಲೈ 2019

ಲುಮ್ಕಾ,

ಏನು ಹೇಳಬೇಕಿತ್ತು ನಿನಗೆ? ನೀನು ಹೋದ ಮೇಲೆ ಪ್ರತಿ ರಾತ್ರಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಿನ್ನ ದನಿ ಕೇಳಿಸಿದೆ. "ಮಾಮಾ ಮಾತಾಡ್ತಿದಾಳೆ ಕೇಳು. ಮಾಮಾ." ಬೇರೆ ಯಾರಿಗೂ ಆ ಮಾತು ಹೇಳಲು ಬಿಡಲಿಲ್ಲ. ಒಮ್ಮೆ ಜ್ವರದಲ್ಲಿ ನನ್ನನ್ನೇ ಹಾಗೆ ಕರೆದಳು. "ನಾನಲ್ಲ ಕಂದ, ಅದು" ಎಂದು ಫೋನು ತೋರಿಸಿದೆ. ನಾನು ಮಾಡಿದ ತಪ್ಪು ಅಷ್ಟೇ. ಅದನ್ನು ಕಾಗದದಲ್ಲಿ ಹೇಗೆ ಬರೆಯಲಿ? ಬಂದಾಗ ಒಂದು ಗಳಿಗೆಯಲ್ಲಿ ಸರಿಹೋಗುತ್ತದೆ ಎಂದುಕೊಂಡಿದ್ದೆ.

ನನ್ನನ್ನು ಏನೆಂದು ಕರೆಯುತ್ತಾಳೆ ಎಂದು ನೀನು ಕೇಳಲೇ ಇಲ್ಲ. ಏನೂ ಕರೆಯುವುದಿಲ್ಲ. ನನಗೆ ಅವಳ ಬಾಯಲ್ಲಿ ಹೆಸರೇ ಇಲ್ಲ. ಕೂಗಿ ಕರೆಯಬೇಕಾದಷ್ಟು ದೂರ ನಾನು ಯಾವತ್ತೂ ಹೋಗಿಲ್ಲ.

ಬಾ. ಅವಳ ಬಟ್ಟೆ ಒಗೆದಿಟ್ಟಿರುತ್ತೇನೆ.

ನೊಖಾಯಾ

~

ಮ್ಡಾಂಟ್ಸಾನೆ
15 ಸೆಪ್ಟೆಂಬರ್ 2019

ಅಕ್ಕಾ,

ನಾವು ಹೊರಟ ದಿನ ನೀನು ನೀರಿಗೆ ಹೋಗಿಬಿಟ್ಟೆ. ಬಕೆಟ್ಟು ಎರಡೂ ತುಂಬಿದ್ದವು, ನಾನು ನೋಡಿದ್ದೆ.

ಯಮ್ಕೇಲಾ ಚೆನ್ನಾಗಿದ್ದಾಳೆ. ಉಣ್ಣುತ್ತಾಳೆ, ಮಲಗುತ್ತಾಳೆ. ಮೊದಲ ಎರಡು ರಾತ್ರಿ ಬಾಗಿಲ ಹತ್ತಿರವೇ ಮಲಗುತ್ತೇನೆಂದು ಹಟ ಮಾಡಿದಳು, ಈಗ ಹಾಸಿಗೆಗೆ ಬರುತ್ತಾಳೆ. ಬೆಳಿಗ್ಗೆ ಪಕ್ಕದ ಬೀದಿಯ ಮಾಮ್ಚಾಯಿ ಎಂಬ ಅಜ್ಜಿಯ ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತೇನೆ. ಅಲ್ಲಿ ಇನ್ನೂ ನಾಲ್ಕು ಮಕ್ಕಳಿವೆ, ಟೀವಿಯಿದೆ, ಗ್ವಿನ್ಯಾ ಎಂಬ ಹಿಟ್ಟಿನ ಉಂಡೆ ಕರಿಯುವ ಬಾಣಲೆಯಿದೆ. ಒಂದು ಕೈಯಲ್ಲಿ ಬಾಣಲೆ, ಒಂದು ಕೈಯಲ್ಲಿ ಮಕ್ಕಳು, ಬಾಯಲ್ಲಿ ಬೈಗುಳ. ಒಳ್ಳೆಯ ಹೆಂಗಸು.

ಆದರೆ ಮಾತಿಲ್ಲ. ಈಗ ಒಂದು ಮಾತೂ ಇಲ್ಲ. ಮೊದಲ ವಾರ "ಬೋಯಿ, ಬೋಯಿ" ಎನ್ನುತ್ತಿದ್ದಳು. ಅದರ ಅರ್ಥ ನನಗೆ ಗೊತ್ತು, ಆದರೆ ಈ ಬೀದಿಯಲ್ಲಿ ಉಣ್ಣೆಯವನ್ನು ಎಲ್ಲಿಂದ ತರಲಿ? ಮಾಮ್ಚಾಯಿಗೆ ಅದೂ ಗೊತ್ತಿಲ್ಲ. ನೀರು ಕೊಟ್ಟಳಂತೆ, ರೊಟ್ಟಿ ಕೊಟ್ಟಳಂತೆ. ಕೊನೆಗೆ, "ಈ ಮಗು ಯಾವ ದೇಶದ್ದಮ್ಮ?" ಎಂದು ನನ್ನನ್ನೇ ಕೇಳಿದಳು. ಆಮೇಲೆ ಯಮ್ಕೇಲಾ ಆ ಮಾತನ್ನೂ ಬಿಟ್ಟಳು.

ಅವಳ ಮಾತೆಲ್ಲ ಬರೆದು ಕಳಿಸು. ಯಾವುದಕ್ಕೆ ಏನು ಎಂದು. ನಾನು ಕಲಿಯುತ್ತೇನೆ.

ಲುಮ್ಕಾ

~

ಮ್ಡಾಂಟ್ಸಾನೆ
13 ಅಕ್ಟೋಬರ್ 2019

ಅಕ್ಕಾ,

ಕಾಗದ ನಿನ್ನ ಕೈಗೇ ಕೊಟ್ಟೆ ಎಂದು ಗೊಬಾನಿ ಆಣೆ ಮಾಡುತ್ತಾನೆ. "ತಗೊಂಡ್ರು, ಸೊಂಟಕ್ಕೆ ಸಿಕ್ಕಿಸ್ಕೊಂಡ್ರು, ಒಳಗೆ ಹೋದ್ರು" ಎಂದ.

ಮೇಡಂ ಯಮ್ಕೇಲಾಳನ್ನು ಕ್ಲಿನಿಕ್ಕಿಗೆ ಕರೆಸಿದರು. ಕಿವಿ ನೋಡಿದರು, ಚೆನ್ನಾಗಿ ಕೇಳಿಸುತ್ತದೆ. ಅವಳ ವಯಸ್ಸು ನಮ್ಮ ಪಟ್ಟಿಗೆ ಸರಿಹೊಂದುತ್ತದೆ ಎಂದು ಅವರೇ ಎದುರು ಕೂತು ನನ್ನನ್ನು ಕೇಳುತ್ತಾ ಹೋದರು. ಇಷ್ಟು ದಿನ ನಾನು ಕೂರುತ್ತಿದ್ದ ಕಡೆ ಅವರು, ತಾಯಂದಿರು ಕೂರುವ ಕಡೆ ನಾನು. ಹೇಳುತ್ತಾಳಾ? ಇಲ್ಲ. ಹೇಳುತ್ತಾಳಾ? ಇಲ್ಲ. ಅದು ಹೋಗಲಿ. "ತಿಳಿಯುತ್ತದಾ?" ಎಂದು ಕೇಳಿದಾಗ ನನಗೆ ಅದಕ್ಕೂ ಉತ್ತರ ಗೊತ್ತಿರಲಿಲ್ಲ. ನಾನು ಏನು ಹೇಳಿದರೂ ನನ್ನ ಬಾಯನ್ನೇ ನೋಡುತ್ತಾ ಕೂರುತ್ತಾಳೆ. ಒಳಗೆ ಏನು ಹೋಗುತ್ತಿದೆ, ಏನು ಹೋಗುತ್ತಿಲ್ಲ, ಹೇಗೆ ಹೇಳಲಿ?

ಮೇಡಂ ಪೆನ್ನು ಕೆಳಗಿಟ್ಟು ಅಂದರು: "ಲುಮ್ಕಾ, ಮಗು ಮಂಕಲ್ಲ ಕಣೇ. ಯಾರನ್ನೋ ಕಳ್ಕೊಂಡಿದೆ. ನಮ್ಮ ಪಟ್ಟೀಲಿ ಅದನ್ನ ಬರೆಯೋಕೆ ಜಾಗ ಇಲ್ಲ."

ಸಿಟ್ಟಿದ್ದರೆ ಬೈದು ಬರೆ. ಮಾತು ಮಾತ್ರ ಕಳಿಸು. ಬೇಡಿಕೊಳ್ಳುತ್ತೇನೆ.

ಲುಮ್ಕಾ

~

27 ಅಕ್ಟೋಬರ್ 2019

ಲುಮ್ಕಾ,

ಸಿಟ್ಟಿಲ್ಲ. ನಿನ್ನ ಕಾಗದ ಓದಿದ ಮೇಲೆ ಬರೆಯಲು ಕೂತರೆ ಒಂದೊಂದು ಮಾತಿಗೂ ಅವಳ ದನಿ ಕೇಳುತ್ತಿತ್ತು. ಬರೆದು ಮುಗಿಸಿದರೆ ಮನೆಯಲ್ಲಿ ಏನೂ ಉಳಿಯುವುದಿಲ್ಲ ಎನ್ನಿಸುತ್ತಿತ್ತು. ಹುಚ್ಚು. ಈಗ ಬರೆದಿದ್ದೇನೆ, ಬೇರೆ ಹಾಳೆಯಲ್ಲಿ.

ಒಂದು ವಿಷಯ. "ಬೋಯಿ" ಎಂದರೆ ತಂದು ಕೊಡಬೇಕಾಗಿಲ್ಲ. ಈಗ ಅವು ಎಲ್ಲಿರಬಹುದು ಎಂದು ಹೇಳಿದರೆ ಸಾಕು. "ಹೊಳೆ ಹತ್ರ ಇದಾವೆ, ನೀರು ಕುಡೀತಿದಾವೆ, ಈಗ ಬರ್ತಾವೆ" ಎನ್ನು. ಅಷ್ಟಕ್ಕೆ ಸಮಾಧಾನವಾಗುತ್ತಾಳೆ.

ನೊಖಾಯಾ

~

ಮ್ಡಾಂಟ್ಸಾನೆ
24 ನವೆಂಬರ್ 2019

ಅಕ್ಕಾ,

ನಿನ್ನ ಹಾಳೆಯನ್ನು ಬಾಯಿಪಾಠ ಮಾಡಿದೆ. ಮೊದಲ ಸಂಜೆ ಹೇಳಿದೆ: "ಯಮ್ಕೇಲಾ, ಬೋಯಿ ಹೊಳೆ ಹತ್ರ ಇದಾವೆ." ಅವಳು ತಟ್ಟನೆ ತಲೆಯೆತ್ತಿದಳು. ಕಣ್ಣು ದೊಡ್ಡದಾಯಿತು. ನನ್ನನ್ನು ನೋಡಲಿಲ್ಲ ಅಕ್ಕಾ, ಬಾಗಿಲನ್ನು ನೋಡಿದಳು. ಎದ್ದು ಹೋಗಿ ಬಾಗಿಲ ಹಿಂದೆ ನೋಡಿದಳು, ಮಂಚದ ಕೆಳಗೆ ನೋಡಿದಳು, ನನ್ನ ಕೋಟು ಸರಿಸಿ ನೋಡಿದಳು. ನಿನ್ನ ಮಾತು ಬಂದ ಮೇಲೆ ನೀನೂ ಬಂದಿರಲೇಬೇಕಲ್ಲ.

ನೀನು ಸಿಗದೆ ಹೋದಾಗ ಅಳಲಿಲ್ಲ. ಬಂದು ನನ್ನ ಬಾಯಿ ಮುಚ್ಚಿದಳು, ಅಂಗೈಯಿಂದ. ಆಮೇಲೆ ನಾನು ಆ ಮಾತುಗಳನ್ನು ಮತ್ತೆ ಆಡಲಿಲ್ಲ.

ನಿನ್ನನ್ನೇ ಇಲ್ಲಿಗೆ ಕರೆಸಿಕೊಳ್ಳೋಣ ಎಂದು ಅತ್ತೆಯನ್ನು ಕೇಳಿದೆ. ಏನೆಂದಿರಬಹುದು ನಿನಗೆ ಗೊತ್ತು. "ಒಬ್ಬ ಸೊಸೆನ ಪೇಟೆ ತಿಂತು, ಇನ್ನೊಬ್ಬಳನ್ನೂ ಕೊಡ್ಬೇಕಾ? ನನ್ನ ಮೊಣಕಾಲನ್ನ ಯಾರು ಎಬ್ಬಿಸ್ತಾರೆ?" ಅವರ ಮಾತೂ ಸುಳ್ಳಲ್ಲ. ನಾನೇ ಬಂದುಬಿಡೋಣವೆಂದರೆ ನನ್ನ ಸಂಬಳವಿಲ್ಲದೆ ಆ ಮನೆಯ ಒಲೆ ಅರ್ಧ ತಿಂಗಳು ಉರಿಯುವುದಿಲ್ಲ.

ಕ್ರಿಸ್ಮಸ್ಸಿಗೆ ಎಲ್ಲರೂ ಊರಿಗೆ ಬರುತ್ತಾರೆ, ನಾವೂ ಬರುತ್ತೇವೆ. ಹೋಗುವಾಗ ನಾನೊಬ್ಬಳೇ ಹೋಗುತ್ತೇನೆ.

ಮೂರು ತಿಂಗಳು ದಾಟಿದರೂ ಅವಳು ನನ್ನಿಂದ ಒಂದು ಮಾತನ್ನೂ ತೆಗೆದುಕೊಳ್ಳಲಿಲ್ಲ. ಬೇರೆಯವರ ಮಗುವಾಗಿದ್ದರೆ ಪಟ್ಟಿಯಲ್ಲಿ ಒಂದು ಗೆರೆ ಎಳೆದು ಮುಂದಿನ ಮನೆಗೆ ಹೋಗುತ್ತಿದ್ದೆ. ಈ ಸಲ ನೀರಿಗೆ ಹೋಗಬೇಡ. ಹೊಸಿಲ ಹತ್ತಿರವೇ ಇರು.

ಲುಮ್ಕಾ

~

19 ಜನವರಿ 2020

ಲುಮ್ಕಾ,

ಹೇಗೆ ಹೇಳಲಿ ನಿನಗೆ. ನೀನು ಹೋದ ಮಾರನೆಯ ದಿನದಿಂದ ಅವಳ ಬಾಯಿ ಮುಚ್ಚಿಲ್ಲ!

ನನ್ನ ಮಾತುಗಳಷ್ಟೇ ಎಂದುಕೊಂಡೆಯಾ? ಅವು ಬಂದವು, ಅವುಗಳ ಹಿಂದೆ ಪೇಟೆಯೇ ಬಂತು. ಬಸ್ಸು ಅಂತಾಳೆ, ಲೈಟು ಅಂತಾಳೆ, ಗ್ವಿನ್ಯಾ ಅಂತಾಳೆ. ಕೋಳಿಯನ್ನು ಮಾಮ್ಚಾಯಿಯ ಬೈಗುಳದಿಂದಲೇ ಓಡಿಸುತ್ತಾಳೆ. ಅತ್ತೆಗೆ ಕೆನ್ನೆ ಕೆಂಪಾಗುವಂಥ ಬೈಗುಳ. ಅನ್ನ ಚೆಲ್ಲಿದರೆ ಸೊಂಟದ ಮೇಲೆ ಕೈಯಿಟ್ಟು, "ಅಯ್ಯೋ, ನನ್ನ ಕರ್ಮ ಕರ್ಮ" ಎನ್ನುತ್ತಾಳೆ. ಸಾಕ್ಷಾತ್ ನೀನೇ. ಅತ್ತೆ ಅಂದರು: "ತಾಯಿ ಬಿಟ್ಟುಹೋದ್ಲು ಅಂದ್ಕೊಂಡೆ. ನೋಡಿದ್ರೆ ಇಲ್ಲೇ ಇದಾಳಲ್ಲೇ, ಗಿಡ್ಡ ಆಗಿದಾಳೆ ಅಷ್ಟೆ." ನಿನ್ನಿಂದ ಒಂದು ಮಾತೂ ತೆಗೆದುಕೊಳ್ಳಲಿಲ್ಲ ಎಂದು ಬರೆದಿದ್ದೆಯಲ್ಲ. ತಪ್ಪು. ಎಲ್ಲವನ್ನೂ ತುಂಬಿಕೊಂಡು ಕೂತಿದ್ದಳು.

ಒಂದು ಮಾತು ಮಾತ್ರ ನನಗೆ ತಿಳಿಯುತ್ತಿಲ್ಲ. ಈಗ ಕೇಳುವ ಸರದಿ ನನ್ನದು. ಬಿಸಿಲು ಇಳಿದು ಗೊಬಾನಿಯ ಟ್ಯಾಕ್ಸಿ ಬರುವ ಹೊತ್ತಿಗೆ ಗೇಟಿನ ಹತ್ತಿರ ಹೋಗಿ ಕಲ್ಲಿನ ಮೇಲೆ ಕೂರುತ್ತಾಳೆ. "ದೂಯಾ" ಎನ್ನುತ್ತಾಳೆ. ಅಳುವುದಿಲ್ಲ, ಹಟವಿಲ್ಲ. ನನ್ನ ಕಡೆ ತಿರುಗಿ ಸಮಾಧಾನವಾಗಿ ಹೇಳುತ್ತಾಳೆ, ನನಗೇ ಬುದ್ಧಿ ಹೇಳುವ ಹಾಗೆ. "ದೂಯಾ." ನೀರು ಕೊಟ್ಟೆ, ತಲೆಯಾಡಿಸಿದಳು. ಬ್ರೆಡ್ಡು ಕೊಟ್ಟೆ. ನೀನು ತಂದ ಗೊಂಬೆ ಕೊಟ್ಟೆ. ಫೋನು ತಂದುಕೊಟ್ಟೆ. ಫೋನನ್ನು ನೋಡಿ, "ಇಲ್ಲ, ಇದಲ್ಲ" ಎಂದು ಪಕ್ಕಕ್ಕಿಟ್ಟಳು. ಕತ್ತಲಾಗುವ ತನಕ ಹಾಗೆಯೇ ಕೂತಿದ್ದು ಆಮೇಲೆ ತಾನೇ ಎದ್ದು ಒಳಗೆ ಬರುತ್ತಾಳೆ. ದಿನವೂ ಇದೇ.

ಅದೇನು ತಿಂಡಿಯೋ, ಆಟವೋ ಬೇಗ ಬರೆ. ಇಲ್ಲಿ ಸಿಗದಿದ್ದರೆ ಗೊಬಾನಿ ಕೈಯಲ್ಲಿ ತರಿಸುತ್ತೇನೆ.

ನೊಖಾಯಾ

~

ಮ್ಡಾಂಟ್ಸಾನೆ
26 ಜನವರಿ 2020

ಅಕ್ಕಾ,

ಅದು ತಿನ್ನುವುದಲ್ಲ, ಆಡುವುದೂ ಅಲ್ಲ. ಎಲ್ಲೂ ಹುಡುಕಬೇಡ.

ಅದು ನನ್ನ ಅಜ್ಜಿಯ ಮಾತು. ಹೊಲಕ್ಕೆ ಹೋಗುವಾಗ ನನ್ನ ಗಲ್ಲ ಹಿಡಿದು ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ಬಿಟ್ಟರೆ ಬೇರೆ ಯಾರೂ ಆಡಿದ್ದನ್ನು ನಾನು ಕೇಳಿಲ್ಲ. ಬೆಳಿಗ್ಗೆ ಮಾಮ್ಚಾಯಿಯ ಬಾಗಿಲಲ್ಲಿ ಯಮ್ಕೇಲಾಳನ್ನು ಬಿಟ್ಟು ಹೊರಡುವಾಗ ನಾನೂ ಗಲ್ಲ ಹಿಡಿದು ಅದನ್ನೇ ಹೇಳುತ್ತಿದ್ದೆ. ದೂಯಾ. ಸಂಜೆ ಬಂದುಬಿಡ್ತೀನಿ ಅಂತ. ಅವಳು ನನ್ನ ಬಾಯಿ ನೋಡುತ್ತಿದ್ದಳು. ಒಂದು ದಿನವೂ ತಿರುಗಿ ಹೇಳಲಿಲ್ಲ. ಕೇಳಿಸಿಕೊಂಡಳೆಂದೂ ನನಗೆ ಗೊತ್ತಾಗಲಿಲ್ಲ. ಆದರೆ ಪ್ರತಿ ಸಂಜೆ ನಾನು ಬಂದೆ ಅಕ್ಕಾ. ಒಂದು ಸಂಜೆಯೂ ತಪ್ಪಿಸಲಿಲ್ಲ.

ಊರಿನಿಂದ ಹೊರಟ ದಿನ ಗೇಟಿನ ಹತ್ತಿರ ನೀನು ಅವಳನ್ನು ಎತ್ತಿಕೊಂಡು ನಿಂತಿದ್ದೆ. ಗೊಬಾನಿ ಹಾರ್ನ್ ಹೊಡೆಯುತ್ತಿದ್ದ. ನಾನು ಗಲ್ಲ ಹಿಡಿದೆ. ಬಾಯಿಗೆ ಅದೇ ಬಂತು. ಯೋಚಿಸಿ ಹೇಳಿದ್ದಲ್ಲ, ಅಭ್ಯಾಸ.

ಅವಳು ಏನನ್ನೂ ಕೇಳುತ್ತಿಲ್ಲ. ನಾನು ಹೇಳಿಹೋದದ್ದನ್ನು ನಿನಗೆ ತಿಳಿಸುತ್ತಿದ್ದಾಳೆ, ನೀನು ಗಾಬರಿಯಾಗಬಾರದೆಂದು.

ನಮ್ಮನ್ನು ನಾಳೆ ಬೇರೆ ಜಿಲ್ಲೆಗೆ ಕಳಿಸುತ್ತಿದ್ದಾರೆ, ಈಸ್ಟರ್‌ವರೆಗೆ ರಜೆಯಿಲ್ಲ. ಅವಳನ್ನು ಗೇಟಿನಿಂದ ಒಳಗೆ ಎಳೆಯಬೇಡ. ಆ ಮಾತನ್ನು ನೀನು ಆಡಬೇಡ, ಸುಳ್ಳೆಂದೂ ಹೇಳಬೇಡ. ಕತ್ತಲಾಗುವ ತನಕ ಕೂರಲಿ. ಗಾಳಿ ತಣ್ಣಗಾದರೆ ಏನಾದರೂ ಹೊದಿಸು.

ಲುಮ್ಕಾ